ಪುಟ್ಟ ಮರಿಗೆ ಸುಸ್ಸು ಪ್ಯಾಡ್: ಪೆಟ್ ಶಾಪಿನದ್ದಾ, ಮೆಡಿಕಲ್ ಶಾಪಿನದ್ದಾ?

ಶಿಟ್ಜು, ಪಗ್, ಪೊಮೆರೇನಿಯನ್, ಮಾಲ್ಟೀಸ್, ಟಾಯ್ ಪೂಡಲ್ ಥರದ ಸಣ್ಣ ತಳಿಯ ಮರಿ ತಂದವರ ಬಿಲ್ಲಿಗೆ ಪೆಟ್ ಶಾಪಿನವರು ಸೇರಿಸುವ ಸಾಮಾನು ಸಾಮಾನ್ಯವಾಗಿ ನಾಲ್ಕು: ಮರಿ ಉಚ್ಚೆ ಹೊಯ್ಯಲಿ ಅಂತ ನೆಲಕ್ಕೆ ಹಾಸುವ ಟ್ರೈನಿಂಗ್ ಪ್ಯಾಡಿನ ಪ್ಯಾಕು, ಟ್ರೈನಿಂಗ್ ಸ್ಪ್ರೇ, ಪ್ಲಾಸ್ಟಿಕ್ ಹುಲ್ಲಿನ ಟ್ರೇ, ವಾಸನೆ ತೆಗೆಯುವ ಎನ್‌ಝೈಮ್ ಕ್ಲೀನರ್. ಎಲ್ಲ ಸೇರಿದರೆ ಮೂರು ಸಾವಿರದ ಆಸುಪಾಸು. ನಾಲ್ಕರಲ್ಲಿ ಒಂದು ದಂಡ. ಒಂದು ಬೇರೆ ಅಂಗಡಿಯಲ್ಲಿ ಇದಕ್ಕಿಂತ ಅಗ್ಗಕ್ಕೆ ಸಿಗುತ್ತದೆ. ಒಂದು ಬೇಕು, ಆದರೆ ಎರಡು ತಿಂಗಳು ಬಿಟ್ಟು. ಉಳಿದ ಒಂದಕ್ಕೆ ಮಾತ್ರ ಕೊಟ್ಟ ದುಡ್ಡು ಪೂರ್ತಿ ವಸೂಲು.

ಸಾಮಾನಿಗೆ ಹೋಗುವ ಮೊದಲು ಮರಿಯ ಲೆಕ್ಕ. ಆರೋಗ್ಯವಾಗಿರುವ ನಾಯಿ ದಿನಕ್ಕೆ ಕಿಲೋ ತೂಕಕ್ಕೆ ಸುಮಾರು 20ರಿಂದ 40 ಮಿ.ಲೀ. ಉಚ್ಚೆ ಹೊಯ್ಯುತ್ತದೆ, ಮರಿಗಳದ್ದು ಇನ್ನೊಂದಿಷ್ಟು ಜಾಸ್ತಿ. ಎರಡು ಕಿಲೋದ ಮರಿ ಅಂದರೆ ದಿನಕ್ಕೆ ಹೆಚ್ಚೂಕಡಿಮೆ 80ರಿಂದ 100 ಮಿ.ಲೀ., ಒಂದು ಸಣ್ಣ ಕಾಫಿ ಲೋಟದಷ್ಟು. ಅಷ್ಟನ್ನೂ ಒಂದೇ ಸಲಕ್ಕೆ ಹೊಯ್ದಿದ್ದರೆ ತಾಪತ್ರಯವೇ ಇರಲಿಲ್ಲ. ಹತ್ತು ಹನ್ನೆರಡು ಕಂತು ಮಾಡಿ, ಕಂತಿಗೆ ಎರಡು ಟೀ ಚಮಚದಂತೆ, ಸೋಫಾ ಅಡಿ, ಮಂಚದ ಕಾಲಿನ ಹಿಂದೆ, ಪರದೆ ಮರೆಯಲ್ಲಿ ಹೊಯ್ದಿಡುತ್ತದೆ. ಲ್ಯಾಬ್ರಡಾರ್ ಮರಿ ಮಾಡಿದ್ದು ನಡುಮನೆಯಲ್ಲಿ ಕೆರೆ ಕಟ್ಟಿದಂತೆ ಕಾಣುತ್ತದೆ. ಚಿವಾವಾ ಮಾಡಿದ್ದು ನಮ್ಮ ಕಾಲ್ಚೀಲ ಒದ್ದೆಯಾದಾಗಲೇ ಗೊತ್ತಾಗುವುದು. ಸಣ್ಣ ತಳಿ ಕಲಿಯುವುದು ತಡ ಅನ್ನುವ ಮಾತಿಗೆ ಇದೂ ಒಂದು ಕಾರಣ, ತಪ್ಪು ಯಾರ ಕಣ್ಣಿಗೂ ಬೀಳದೆ ಅಭ್ಯಾಸವಾಗಿಬಿಡುತ್ತದೆ.

ರಸ್ತೆಗೆ ಕರೆದುಕೊಂಡು ಹೋಗಿ ಕಲಿಸಿದರಾಯಿತು ಅನ್ನುವಂತೆಯೂ ಇಲ್ಲ. 6ರಿಂದ 8 ವಾರಕ್ಕೆ ಶುರುವಾಗುವ ಡಿಸ್ಟೆಂಪರ್, ಪಾರ್ವೊ ಅನ್ನುವ ಮಾರಕ ವೈರಸ್ ರೋಗಗಳ ಲಸಿಕೆಗೆ 3–4 ವಾರಕ್ಕೊಮ್ಮೆ ಬೂಸ್ಟರ್ ಕೊಡುತ್ತ 16 ವಾರ ಮುಟ್ಟಿಸಬೇಕು. ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಬೀದಿನಾಯಿಗಳು ಮೂಸಿ ಹೋಗುವ ಕರೆಂಟ್ ಕಂಬದ ಬುಡ ಲಸಿಕೆ ಮುಗಿಯದ ಮರಿಗೆ ತಕ್ಕ ಜಾಗವಲ್ಲ. ಹಾಗಾಗಿ 8 ವಾರಕ್ಕೆ ಬಂದ ಮರಿಗೆ ಮೊದಲ ಎರಡು ತಿಂಗಳ ಕಕ್ಕಸು ಮನೆಯೊಳಗೇ. ಪ್ಯಾಡ್ ಬೇಕಾಗುವುದು ಈ ಎರಡು ತಿಂಗಳಿಗೆ.

ಪ್ಯಾಡನ್ನು ಹರಿದು ನೋಡಿದರೆ ಎಲ್ಲ ಕಂಪನಿಯದ್ದೂ ಹೆಚ್ಚುಕಮ್ಮಿ ಒಂದೇ ಅಡುಗೆ. ಮೇಲೆ ತೆಳ್ಳನೆ ನಾನ್‌ವೋವನ್ ಬಟ್ಟೆ, ಅದರಡಿ ಟಿಶ್ಯೂ, ನಡುವೆ ಅರಳೆಯಂತೆ ಕಾಣುವ ಮರದ ಪಲ್ಪ್, ಪಲ್ಪಿನೊಳಗೆ ಸಣ್ಣ ಸಕ್ಕರೆಯಂಥ ಪುಡಿ, ತಳದಲ್ಲಿ ಪ್ಲಾಸ್ಟಿಕ್ ಹಾಳೆ. ಆ ಪುಡಿ ಸೋಡಿಯಂ ಪಾಲಿಅಕ್ರಿಲೇಟ್. ನೀರು ಕುಡಿದು ಜೆಲ್ ಆಗುತ್ತದೆ, ಮಕ್ಕಳ ಡೈಪರಿನಲ್ಲಿರುವುದೂ ಇದೇ. ಶುದ್ಧ ನೀರಾದರೆ ತನ್ನ ತೂಕದ ನೂರಾರು ಪಟ್ಟು ಹೀರುತ್ತದೆ, ಉಪ್ಪಿನಂಶವಿರುವ ಉಚ್ಚೆಯಾದರೆ 30–50 ಪಟ್ಟಿಗೆ ಇಳಿಯುತ್ತದೆ. ಆದ್ದರಿಂದ ಪ್ಯಾಕಿನ ಮೇಲೆ ‘ಒಂದು ಲೀಟರ್ ಹೀರುತ್ತದೆ’ ಅಂತ ಬರೆದಿದ್ದರೆ ಅದು ಯಾವ ನೀರಿನ ಲೆಕ್ಕ ಅಂತ ಕೇಳಬೇಕಾಗುತ್ತದೆ. ಅದಿರಲಿ, ಎರಡು ಚಮಚ ಹೊಯ್ಯುವ ಮರಿಗೆ ಲೀಟರ್ ಯಾಕೆ?

ನೋಡಬೇಕಾದ್ದು ಎರಡೇ: ಒದ್ದೆ ಎಷ್ಟು ಅಗಲಕ್ಕೆ ಹರಡುತ್ತದೆ, ಮೇಲಿನ ಬಟ್ಟೆ ಎಷ್ಟು ಬೇಗ ಒಣಗುತ್ತದೆ. ಪರೀಕ್ಷೆ ಮನೆಯಲ್ಲೇ ಮಾಡಬಹುದು. ಅರ್ಧ ಲೀಟರ್ ನೀರಿಗೆ ಮುಕ್ಕಾಲು ಟೀ ಚಮಚ, ಅಂದರೆ ಸುಮಾರು 4.5 ಗ್ರಾಂ ಪುಡಿ ಉಪ್ಪು ಕದಡಿ. ಸೂಜಿ ತೆಗೆದ ಸಿರಿಂಜಿನಲ್ಲಿ 10 ಮಿ.ಲೀ. ತೆಗೆದುಕೊಂಡು ಪ್ಯಾಡಿನ ಒಂದೇ ಜಾಗಕ್ಕೆ ಬಿಡಿ. ಎರಡು ನಿಮಿಷ ಕಾದು, ಮಡಚಿದ ಟಿಶ್ಯೂ ಇಟ್ಟು ಅಂಗೈಯಲ್ಲಿ ಒತ್ತಿ. ಅದೇ ಜಾಗಕ್ಕೆ ಮೂರು ಸಲ ಹೀಗೆ ಮಾಡಿ. ಮೂರನೇ ಸಲವೂ ಟಿಶ್ಯೂ ಬರೀ ತಣ್ಣಗೆ ಅನಿಸಿದರೆ ಪ್ಯಾಡ್ ಒಳ್ಳೆಯದು. ಟಿಶ್ಯೂ ತೊಪ್ಪೆಯಾದರೆ ಒಳಗೆ ಪುಡಿ ಕಮ್ಮಿ, ಬರೀ ಪಲ್ಪ್ ಅಂತ ಅರ್ಥ; ಇಂಥದ್ದು ಉಚ್ಚೆಯನ್ನು ಹಿಡಿದಿಡುವುದಿಲ್ಲ, ಪಾದ ಊರಿದರೆ ವಾಪಸ್ ಬಿಡುತ್ತದೆ. ಶಿಟ್ಜು ಪಾದದ ಕೂದಲು ದೀಪದ ಬತ್ತಿಯ ಹಾಗೆ ಅದನ್ನು ಎಳೆದುಕೊಂಡು ನೇರ ದಿವಾನದ ಮೇಲೆ ಹತ್ತಿಸುತ್ತದೆ. ಇಷ್ಟೆಲ್ಲ ಬೇಡ ಅನ್ನುವವರು ಅಡುಗೆಮನೆ ತಕ್ಕಡಿಯಲ್ಲಿ ಒಂದು ಪ್ಯಾಡ್ ತೂಗಿ. 60×90 ಸೆಂ.ಮೀ. ಅಳತೆಯದ್ದೇ 35 ಗ್ರಾಂನಿಂದ 80 ಗ್ರಾಂವರೆಗೆ ಸಿಗುತ್ತದೆ, ಹೆಸರು ಎಲ್ಲದಕ್ಕೂ ‘ಪ್ರೀಮಿಯಂ’.

ಇನ್ನು ಅಳತೆ. 33×45 ಸೆಂ.ಮೀ. ಪ್ಯಾಡನ್ನು ‘ಸಣ್ಣ ತಳಿಗೆ’ ಅಂತ ಮಾರುವುದು ಈ ವ್ಯಾಪಾರದ ದೊಡ್ಡ ಕಿಡಿಗೇಡಿತನ. ಮರಿ ಸಣ್ಣದಾದರೆ ಪ್ಯಾಡೂ ಸಣ್ಣದು ಸಾಕು ಅಂತ ಕೊಳ್ಳುವವರಿಗೂ ಅನಿಸುತ್ತದೆ. ಆದರೆ ಕಕ್ಕ ಮಾಡುವ ಮುಂಚೆ ಮರಿ ಮೂರು ನಾಲ್ಕು ಸುತ್ತು ಹಾಕುತ್ತದೆ, ಆ ಸುತ್ತಿಗೇ ಅರ್ಧ ಮೀಟರ್ ಬೇಕು. ಮುಂಗಾಲು ಎರಡೂ ಪ್ಯಾಡ್ ಮೇಲೆ, ಕುಂಡೆ ನೆಲದ ಮೇಲೆ: 33×45ರಲ್ಲಿ ದಿನಕ್ಕೆ ನಾಲ್ಕು ಸಲ ಕಾಣುವ ನೋಟ. ಮರಿಯ ಲೆಕ್ಕದಲ್ಲಿ ಅದು ಪ್ಯಾಡ್ ಮೇಲೇ ನಿಂತಿದೆ, ಪಾಠ ಸರಿಯಾಗಿಯೇ ಒಪ್ಪಿಸಿದೆ. ಅಂಥ ಹೊತ್ತಲ್ಲಿ ಗದರಿದರೆ ಅದಕ್ಕೆ ತಿಳಿಯುವುದು ಪ್ಯಾಡ್ ಹತ್ತಿರ ಹೋದರೆ ಬೈಗುಳ ಅಂತ. ಕನಿಷ್ಠ 60×60, ಆದರೆ 60×90 ತೆಗೆದುಕೊಳ್ಳಿ.

60×90 ಅಂದ ಮೇಲೆ ಪೆಟ್ ಶಾಪಿಗೆ ಯಾಕೆ ಹೋಗಬೇಕು? ಹಾಸಿಗೆ ಹಿಡಿದ ರೋಗಿಗಳಿಗೆ ಹಾಸುವ ‘ಅಂಡರ್‌ಪ್ಯಾಡ್’ ಮೆಡಿಕಲ್ ಶಾಪಿನಲ್ಲಿ ಸಾಮಾನ್ಯವಾಗಿ ಇದೇ ಅಳತೆಯಲ್ಲಿ, ಹತ್ತರ ಪ್ಯಾಕಿನಲ್ಲಿ ಸಿಗುತ್ತದೆ. ಒಂದಕ್ಕೆ ಹೆಚ್ಚುಕಮ್ಮಿ 20ರಿಂದ 35 ರೂಪಾಯಿ. ವಿಸ್ತೀರ್ಣ 5,400 ಚದರ ಸೆಂ.ಮೀ.; ಆ ಪುಟಾಣಿ ಪ್ಯಾಡಿನದ್ದು 1,485. ಮೂರೂವರೆ ಪಟ್ಟಿಗಿಂತ ಹೆಚ್ಚು ಜಾಗ. ಮನುಷ್ಯರ ಮೈಗೆ ತಾಗುವ ಸಾಮಾನಾದ್ದರಿಂದ ಮೇಲ್ಬಟ್ಟೆ ಬೇಗ ಒಣಗುವಂತೆ ಮಾಡಿರುತ್ತಾರೆ, ಸೆಂಟು ಹಾಕಿರುವುದೂ ಅಪರೂಪ. ಸೆಂಟಿನ ವಿಷಯ ಬಂತಲ್ಲ: ನಾಯಿ ಹತ್ತಿರ ಬಾರದಿರಲಿ ಅಂತ ಹೊಡೆಯುವ ಸ್ಪ್ರೇಗಳಲ್ಲಿ ನಿಂಬೆ ಜಾತಿಯ ವಾಸನೆ ಇರುತ್ತದೆ, ನಾಯಿ ಹತ್ತಿರ ಬರಲಿ ಅಂತ ಮಾರುವ ಕೆಲವು ಪ್ಯಾಡ್‌ಗಳಿಗೂ ಅದೇ ನಿಂಬೆ ಸೆಂಟು. ಇಬ್ಬರಲ್ಲಿ ಯಾರೋ ಒಬ್ಬರು ನಾಯಿಯನ್ನು ಕೇಳಿಲ್ಲ.

ಅಂಡರ್‌ಪ್ಯಾಡಿಗೆ ದೋಷ ಇಲ್ಲ ಅಂತಲ್ಲ. ಕೆಳಗೆ ಅಂಟು ಪಟ್ಟಿ ಇರುವುದಿಲ್ಲ, ವಿಟ್ರಿಫೈಡ್ ಟೈಲ್ಸ್ ಮೇಲೆ ಜಾರುತ್ತದೆ. ಓಡಿ ಬಂದ ಮರಿ ಪ್ಯಾಡ್ ಸಮೇತ ಜಾರಿ ಗೋಡೆಗೆ ಬಡಿದರೆ ನಾಳೆಯಿಂದ ಪ್ಯಾಡ್ ಕಂಡರೆ ಹೆದರಿಕೆ. ನಾಲ್ಕು ಮೂಲೆಗೂ ಮಾಸ್ಕಿಂಗ್ ಟೇಪ್ ಹಚ್ಚಿ, ಇಲ್ಲವೇ ಪ್ಯಾಡ್ ಕಚ್ಚಿ ಹಿಡಿಯುವ ಪ್ಲಾಸ್ಟಿಕ್ ಫ್ರೇಮ್ ಕೊಳ್ಳಿ. ಉಳಿತಾಯಕ್ಕೆ ಅಂತ ಕತ್ತರಿಸಿ ಎರಡು ಮಾಡಬೇಡಿ, ಕತ್ತರಿಸಿದ ಅಂಚಿನಿಂದ ಪುಡಿ ಉದುರಿ ಮರಿಯ ಬಾಯಿಗೆ ಹೋಗುತ್ತದೆ. ಹಲ್ಲು ಕಡಿಯುವ ವಯಸ್ಸಿನಲ್ಲಿ ಕೆಲವು ಮರಿಗಳಿಗೆ ಪ್ಯಾಡ್ ಅಂದರೆ ಆಟಿಕೆ. ಜೆಲ್ ತಾನಾಗಿ ದೊಡ್ಡ ವಿಷವೇನಲ್ಲ; ಆದರೆ ಒಂದೂವರೆ ಕಿಲೋದ ಮರಿಯ ಕರುಳಿನಲ್ಲಿ ಅದು ಉಬ್ಬಿಕೊಂಡರೆ, ಜೊತೆಗೆ ಪ್ಲಾಸ್ಟಿಕ್ ಹಾಳೆಯೂ ಸೇರಿಕೊಂಡರೆ ದಾರಿ ಕಟ್ಟುತ್ತದೆ. ಪ್ಯಾಡ್ ಹರಿದಿದೆ, ಮರಿ ವಾಂತಿ ಮಾಡುತ್ತಿದೆ, ಊಟ ಮುಟ್ಟುತ್ತಿಲ್ಲ ಅಂದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ. ಹರಿಯುವ ಚಾಳಿ ಇರುವ ಮರಿಗೆ ಮೇಲೆ ಜಾಲರಿ ಇರುವ ಫ್ರೇಮೇ ಸರಿ.

ಪ್ಯಾಡ್ ಯಾವುದೇ ಇರಲಿ, ಅದು ಕಲಿಸುವುದಿಲ್ಲ. ಕಲಿಸುವುದು ಜಾಗ ಮತ್ತು ಹೊತ್ತು. 8 ಪ್ಯಾನೆಲಿನ, 60 ಸೆಂ.ಮೀ. ಎತ್ತರದ ಪ್ಲೇಪೆನ್, ಅಂದರೆ ಮರಿಯ ಸುತ್ತ ನಿಲ್ಲಿಸುವ ಬೇಲಿ ಕಟ್ಟಿ, ಒಂದು ತುದಿಗೆ ಹಾಸಿಗೆ, ನೀರು, ಊಟ; ಇನ್ನೊಂದು ತುದಿಗೆ ಪ್ಯಾಡ್. ಮೊದಲ ವಾರ ಪೆನ್‌ನ ಅರ್ಧ ನೆಲ ಪ್ಯಾಡೇ ಇರಲಿ. ಮರಿ ಒಂದು ಮೂಲೆಯನ್ನು ತಾನೇ ಆರಿಸಿಕೊಳ್ಳುತ್ತದೆ. ಅದು ಮುಟ್ಟದ ಪ್ಯಾಡನ್ನು ಮೂರು ದಿನಕ್ಕೊಂದರಂತೆ ತೆಗೆಯುತ್ತ ಒಂದಕ್ಕೆ ಇಳಿಸಿ. ನಿದ್ದೆಯಿಂದ ಎದ್ದ ತಕ್ಷಣ, ಆಟ ಮುಗಿದ ತಕ್ಷಣ, ಊಟವಾದ 15–30 ನಿಮಿಷಕ್ಕೆ ಪ್ಯಾಡಿಗೆ ಕರೆದೊಯ್ಯಬೇಕು. ಇದರ ಮೇಲೆ 8–10 ವಾರದ ಮರಿಯನ್ನು ಗಂಟೆಗೊಮ್ಮೆ, 12 ವಾರದ್ದನ್ನು ಎರಡು ಗಂಟೆಗೊಮ್ಮೆ. ಎತ್ತಿಕೊಂಡು ಹೋಗಿ ಇಳಿಸುವುದಲ್ಲ, ಹಗುರವಾದ ಬೆಲ್ಟು ಹಾಕಿ ನಡೆಸಿಕೊಂಡು ಹೋಗುವುದು. ದಿನವೂ ಎತ್ತಿಕೊಂಡು ಹೋದ ಮರಿಗೆ ಪ್ಯಾಡ್ ಗೊತ್ತಿರುತ್ತದೆ, ದಾರಿ ಗೊತ್ತಿರುವುದಿಲ್ಲ.

ಮಾತು ಒಂದೇ ಇರಲಿ. ಅಜ್ಜಿ ‘ಉಚ್ಚೆ’, ಮಗಳು ‘ಸುಸ್ಸು’, ಮಗ ‘ಗೋ ಪಾಟಿ’ ಅಂದರೆ ಮರಿ ಮೂವರ ಮುಖವನ್ನೂ ನೋಡುತ್ತ ಕೂರುತ್ತದೆ. ಮಾಡಿ ಮುಗಿಸಿದ ಎರಡು ಸೆಕೆಂಡಿನೊಳಗೆ ಅರ್ಧ ಕಡಲೆಕಾಳಿನಷ್ಟು ಬೇಯಿಸಿದ ಚಿಕನ್ ಬಾಯಿಗೆ ಬೀಳಬೇಕು, ಪ್ಯಾಡ್ ಹತ್ತಿರವೇ. ಫ್ರಿಜ್ಜಿನಿಂದ ತಂದು ಕೊಟ್ಟರೆ ಬಹುಮಾನ ನಿಮ್ಮ ಹಿಂದೆ ಅಡುಗೆಮನೆಗೆ ಓಡಿ ಬಂದಿದ್ದಕ್ಕೆ ಅಂತಾಗುತ್ತದೆ. ಮಾಡಿದ ಮೇಲೆ ಅರ್ಧ ಗಂಟೆ ಪೆನ್ ಹೊರಗೆ ಸ್ವಾತಂತ್ರ್ಯ. ಐದು ನಿಮಿಷ ಕಾದರೂ ಮಾಡಲಿಲ್ಲವಾದರೆ ಪೆನ್ ಒಳಗೇ ಬಿಟ್ಟು ಹತ್ತು ನಿಮಿಷ ಕಳೆದು ಮತ್ತೆ ಪ್ರಯತ್ನಿಸಿ. ರಾತ್ರಿ 11ಕ್ಕೆ ಒಮ್ಮೆ, 12 ವಾರ ಆಗುವವರೆಗೆ ನಸುಕಿನ 2–3ರ ಹೊತ್ತಿಗೆ ಇನ್ನೊಮ್ಮೆ. ರಾತ್ರಿ ಗಲೀಜು ಮಾಡದಿರಲಿ ಅಂತ ಊಟ ತಪ್ಪಿಸುವುದು ಮಾತ್ರ ಬೇಡವೇ ಬೇಡ. ತೀರ ಪುಟ್ಟ ತಳಿಯ ಮರಿಗಳಿಗೆ ಹೊತ್ತು ಮೀರಿದರೆ ರಕ್ತದ ಸಕ್ಕರೆ ಸರ್ರನೆ ಇಳಿಯುತ್ತದೆ. ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕು ಊಟ ಬೇಕು. ನೀರಿನ ಬಟ್ಟಲನ್ನು ಮಲಗುವ ಒಂದು ಗಂಟೆ ಮುಂಚೆ ಎತ್ತಿಟ್ಟರೆ ಸಾಕು.

ಪ್ಯಾಡಿಗೆ ಬರುವ ದೊಡ್ಡ ದೂರು: ‘ಪ್ಯಾಡ್ ಮೇಲೂ ಮಾಡುತ್ತೆ, ಬಾತ್‌ರೂಮ್ ಮ್ಯಾಟ್ ಮೇಲೂ ಮಾಡುತ್ತೆ’. ಇದು ಮೊಂಡುತನ ಅಲ್ಲ. ನಾಯಿ ಕಕ್ಕಸಿನ ಜಾಗವನ್ನು ವಾಸನೆಯ ಜೊತೆಗೆ ಪಾದದಿಂದಲೂ ನೆನಪಿಟ್ಟುಕೊಳ್ಳುತ್ತದೆ, ಈ ನೆನಪು ಏಳೆಂಟು ವಾರದ ಹೊತ್ತಿಗೇ ಗಟ್ಟಿಯಾಗತೊಡಗುತ್ತದೆ. ಅಂಗಾಲಿಗೆ ಮೆತ್ತಗೆ ತಾಗಿದರೆ ಅಲ್ಲಿ ಹೊಯ್ಯಬಹುದು ಅನ್ನುವುದು ಅದು ಕಲಿತ ಪಾಠ. ಬಾಗಿಲಲ್ಲಿ ಹಾಕಿರುವ ಕಾಲೊರೆಸು, ಸ್ನಾನದ ಮನೆ ಮುಂದಿನ ಮ್ಯಾಟು, ದೇವರ ಮನೆಯ ಮುಂದಿನ ಚಾಪೆ, ಕೆಳಗೆ ಬಿದ್ದ ಟವೆಲು, ಮರಿಯ ಪಾದಕ್ಕೆ ಎಲ್ಲವೂ ಪ್ಯಾಡೇ. ಎರಡು ತಿಂಗಳು ಮನೆಯ ಅಷ್ಟೂ ಕಾಲೊರೆಸುಗಳನ್ನು ಸುತ್ತಿ ಅಟ್ಟಕ್ಕೆ ಹಾಕಿ. ಬರಿ ನೆಲ, ಒಂದೇ ಪ್ಯಾಡ್. ಬೇರೇನೂ ಮಾಡದೆ ಇದೊಂದು ಮಾಡಿದರೂ ಅರ್ಧ ಗಲೀಜು ನಿಲ್ಲುತ್ತದೆ.

ತೊಳೆದು ಬಳಸುವ ಬಟ್ಟೆ ಪ್ಯಾಡ್‌ಗಳ ಪಂಚಾಯ್ತಿಯೂ ಇದೇ. ದುಡ್ಡಿನ ಲೆಕ್ಕದಲ್ಲಿ ಅವೇ ಮೇಲು: ಬಿಸಾಡುವ ಪ್ಯಾಡ್ ದಿನಕ್ಕೆ ಮೂರು, ಒಂದಕ್ಕೆ 25 ರೂಪಾಯಿ ಅಂದರೆ ತಿಂಗಳಿಗೆ 2,250. ಬಟ್ಟೆಯದ್ದು ನಾಲ್ಕು ಕೊಂಡರೆ ಸರಿಸುಮಾರು ಅಷ್ಟೇ ಆಗುತ್ತದೆ, ಮತ್ತೆ ವರ್ಷಗಟ್ಟಲೆ ಬಾಳುತ್ತದೆ. ಆದರೆ ಬಟ್ಟೆಯ ಮೇಲೆ ಕಲಿತ ಮರಿಗೆ ಬೆಡ್‌ಶೀಟಿಗೂ ಅದಕ್ಕೂ ವ್ಯತ್ಯಾಸ ಹೇಳಿಕೊಡುವವರು ಯಾರು? ಕಲಿಕೆ ಗಟ್ಟಿಯಾದ ಮೇಲೆ, ಅಂದರೆ ಐದಾರು ತಿಂಗಳ ನಂತರ ತನ್ನಿ. ಮೊದಲು ತಣ್ಣೀರಲ್ಲಿ ಜಾಲಿಸಿ ಆಮೇಲೆ ಡಿಟರ್ಜೆಂಟ್. ಕಂಡೀಷನರ್ ಹಾಕಬೇಡಿ, ಅದು ನೂಲಿಗೆ ಮೇಣದಂತೆ ಅಂಟಿ ಹೀರುವ ಗುಣವನ್ನು ಕೊಲ್ಲುತ್ತದೆ. ಮಲೆನಾಡು, ಕರಾವಳಿಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇವನ್ನು ಮರೆತುಬಿಡಬಹುದು. ಒಣಗದ ಪ್ಯಾಡಿನ ವಾಸನೆಗೆ ಉಚ್ಚೆಯ ವಾಸನೆಯೇ ಮೇಲು ಅನಿಸುತ್ತದೆ.

ಪ್ಲಾಸ್ಟಿಕ್ ಹುಲ್ಲಿನ ಟ್ರೇ ಬೇಕಾಗುವುದು ಲಸಿಕೆ ಮುಗಿಯುವ ಹೊತ್ತಿಗೆ. ಮೇಲೆ ಹುಲ್ಲಿನ ಹಾಸು, ನಡುವೆ ತೂತಿನ ತಟ್ಟೆ, ಕೆಳಗೆ ಟ್ರೇ, ಮೂರು ಪದರ. ಇದರ ನಿಜವಾದ ಉಪಯೋಗ ಸ್ವಚ್ಛತೆ ಅಲ್ಲ, ಸೇತುವೆ. ಪಾದಕ್ಕೆ ಹುಲ್ಲು ಪರಿಚಯವಾದರೆ ಪಾರ್ಕಿನ ಹುಲ್ಲೂ ಪರಿಚಯ. ಪ್ಯಾಡನ್ನು ಎರಡು ದಿನಕ್ಕೆ ಒಂದಡಿಯಂತೆ ಬಾಲ್ಕನಿ ಕಡೆ ಸರಿಸಿ; ಅಲ್ಲಿ ತಲುಪಿದ ಮೇಲೆ ಹುಲ್ಲಿನ ಮೇಲೆ ಪ್ಯಾಡ್ ಹಾಸಿ, ಪ್ಯಾಡನ್ನು ದಿನದಿನಕ್ಕೆ ಸಣ್ಣದಾಗಿ ಮಡಚುತ್ತ ಬನ್ನಿ. ನಡುವೆ ತಪ್ಪು ಹೆಚ್ಚಿದರೆ ಆತುರಪಟ್ಟಿರಿ ಅಂತ, ಎರಡು ಹೆಜ್ಜೆ ಹಿಂದೆ ಸರಿಸಿ. ಕೊಳ್ಳುವಾಗ ಹುಲ್ಲಿನ ಹಾಸನ್ನು ತಿರುಗಿಸಿ ನೋಡಿ. ತಳದಲ್ಲಿ ತೂತುಗಳಿಲ್ಲದೆ ರಬ್ಬರ್ ಬಳಿದಿದ್ದರೆ ಉಚ್ಚೆ ಕೆಳಗಿಳಿಯದೆ ಬುಡದಲ್ಲೇ ನಿಂತು ನಾರುತ್ತದೆ. ದಿನಕ್ಕೊಮ್ಮೆ ನೀರು, ವಾರಕ್ಕೆರಡು ಸಲ ಕ್ಲೀನರ್ ಬೇಕೇ ಬೇಕು. ಎರಡು ಹಾಸು ಇಟ್ಟುಕೊಂಡು ಒಂದನ್ನು ಬಿಸಿಲಿಗೆ ಹಾಕುವವರಿಗೆ ಮಾತ್ರ ಇದು ಸರಿ. ನರ್ಸರಿಯ ಮೆಕ್ಸಿಕನ್ ಲಾನನ್ನೇ ಟ್ರೇಗೆ ಕೂರಿಸುವವರಿದ್ದಾರೆ. ಮರಿಗೆ ಅದು ಸ್ವರ್ಗ, ಹುಲ್ಲಿಗೆ ಅಲ್ಲ. ಉಚ್ಚೆಯ ಸಾರಜನಕ, ಉಪ್ಪಿಗೆ ಕೆಲವೇ ವಾರದಲ್ಲಿ ಸುಟ್ಟು ಹಳದಿಯಾಗುತ್ತದೆ.

ಟ್ರೈನಿಂಗ್ ಸ್ಪ್ರೇ, ಮೊದಲೇ ಹೇಳಿದ ದಂಡ. ಪ್ಯಾಡ್ ಮೇಲೆ ನಾಲ್ಕು ಹನಿ ಹಾಕಿದರೆ ಮರಿ ಅಲ್ಲೇ ಮಾಡುತ್ತದೆ ಅನ್ನುತ್ತಾರೆ. ಮರಿಯದ್ದೇ ಉಚ್ಚೆ ಒರೆಸಿದ ಟಿಶ್ಯೂ ಚೂರನ್ನು ಹೊಸ ಪ್ಯಾಡಿನ ನಡುವೆ ಇಟ್ಟರೆ ಇದಕ್ಕಿಂತ ಚೆನ್ನಾಗಿ, ಪುಕ್ಕಟೆಯಾಗಿ ಆಗುತ್ತದೆ. ಹಳೇ ನ್ಯೂಸ್‌ಪೇಪರ್ ವಿಧಾನವೂ ಪುಕ್ಕಟೆಯೇ, ಆದರೆ ಪೇಪರ್ ಹೀರುವುದಿಲ್ಲ, ಬಿಳಿ ಮಾಲ್ಟೀಸಿನ ಪಾದ ಮಸಿಯಾಗುತ್ತದೆ, ಅಜ್ಜ ಇನ್ನೂ ಓದದೆ ಕೆಳಗಿಟ್ಟ ಇವತ್ತಿನ ಪೇಪರೂ ಮರಿಯ ಪಾಲಾಗುತ್ತದೆ.

ಇನ್ನು ಕ್ಲೀನರ್. ಅರ್ಧ ಲೀಟರಿಗೆ 300ರಿಂದ 600 ರೂಪಾಯಿ ಅಂದಾಗ ಫಿನೈಲ್ ಸಾಲದೇ ಅನಿಸುವುದು ಸಹಜ. ಸಾಲದು. ಫಿನೈಲ್ ನಮ್ಮ ಮೂಗನ್ನು ಮುಚ್ಚುತ್ತದೆಯೇ ಹೊರತು ನಾಯಿಯದ್ದನ್ನಲ್ಲ. ಅಡಿಯಲ್ಲಿ ಉಚ್ಚೆಯ ಗುರುತು ಹಾಗೇ ಇರುತ್ತದೆ, ಮರಿ ಅಲ್ಲಿಗೇ ಮರಳುತ್ತದೆ. ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಇನ್ನೂ ಕೆಟ್ಟದ್ದು, ಹಳೆಯ ಉಚ್ಚೆಯ ವಾಸನೆಯೂ ಅಮೋನಿಯಾವೇ. ಬ್ಲೀಚ್ ಸುರಿದರೆ ಅದು ಉಚ್ಚೆಯ ಅಮೋನಿಯಾ ಜೊತೆ ಸೇರಿ ಕ್ಲೋರಮೈನ್ ಅನ್ನುವ ವಿಷದ ಹೊಗೆ ಬರುತ್ತದೆ. ಶಹಾಬಾದ್, ಕಡಪಾ, ಮಾರ್ಬಲ್ ನೆಲದವರು ವಿನೆಗರಿಗೂ ಕೈ ಹಾಕಬೇಡಿ, ಸುಣ್ಣದ ಅಂಶದ ಈ ಕಲ್ಲುಗಳ ಮೇಲೆ ಹುಳಿ ಬಿದ್ದರೆ ಹೊಳಪು ಕಿತ್ತು ಮಚ್ಚೆಯಾಗುತ್ತದೆ.

ಎನ್‌ಝೈಮ್ ಕ್ಲೀನರ್ ‘ಕೆಲಸ ಮಾಡಲಿಲ್ಲ’ ಅನ್ನುವವರಲ್ಲಿ ಹೆಚ್ಚಿನವರು ಸ್ಪ್ರೇ ಮಾಡಿ ತಕ್ಷಣ ಒರೆಸಿರುತ್ತಾರೆ. ಎನ್‌ಝೈಮಿಗೆ ಹೊತ್ತು ಬೇಕು. ಮೊದಲು ಒಣಬಟ್ಟೆಯಲ್ಲಿ ಉಚ್ಚೆ ಹೀರಿಸಿ, ಬರೀ ನೀರಲ್ಲಿ ಒಮ್ಮೆ ಒರೆಸಿ, ಆಮೇಲೆ ಜಾಗ ತೊಯ್ಯುವಷ್ಟು ಹಾಕಿ 10–15 ನಿಮಿಷ ಬಿಡಿ. ಟೈಲ್ಸಿನ ಸಂದಿಯ ಬಿಳಿ ಸಿಮೆಂಟಿಗೆ ಇಳಿದಿದ್ದರೆ ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ. ಮೊದಲೇ ಫಿನೈಲ್ ಹಾಕಿದ ಜಾಗವಾದರೆ ಎರಡು ಸಲ ನೀರಲ್ಲಿ ಒರೆಸಿಕೊಳ್ಳಿ, ಇಲ್ಲದಿದ್ದರೆ ಕೆಲವು ಬಾಟಲಿಯೊಳಗಿರುವ, ಎನ್‌ಝೈಮ್ ತಯಾರಿಸುವ ಬ್ಯಾಕ್ಟೀರಿಯಾ ಅಲ್ಲೇ ಸಾಯುತ್ತವೆ. ‘ಯೂರಿಕ್ ಆ್ಯಸಿಡ್ ತೆಗೆಯುತ್ತದೆ’ ಅನ್ನುವ ಲೇಬಲ್ಲಿಗೆ ನೂರು ರೂಪಾಯಿ ಹೆಚ್ಚು ಕೊಡಬೇಡಿ. ಡಾಲ್ಮೇಷಿಯನ್ ಬಿಟ್ಟರೆ ಸಾಮಾನ್ಯವಾಗಿ ನಾಯಿಗಳ ಮೈ ಯೂರಿಕ್ ಆ್ಯಸಿಡನ್ನು ನೀರಲ್ಲಿ ಸುಲಭವಾಗಿ ಕರಗುವ ಅಲಾಂಟೋಯಿನ್ ಆಗಿ ಬದಲಿಸಿಯೇ ಹೊರಹಾಕುತ್ತದೆ. ಜೊತೆಗೆ 395 ನ್ಯಾನೋಮೀಟರಿನ ಯುವಿ ಟಾರ್ಚ್ ಒಂದಿರಲಿ. ರಾತ್ರಿ ದೀಪ ಆರಿಸಿ ಸೋಫಾ ಅಡಿ ಬಿಟ್ಟರೆ ಹಳೇ ಕಲೆಗಳು ಹಸಿರು ಹಳದಿಯಾಗಿ ಮಿನುಗುತ್ತವೆ. ಡಿಟರ್ಜೆಂಟ್ ಕಲೆಯೂ ಮಿನುಗುತ್ತದೆ, ಆದ್ದರಿಂದ ಒಮ್ಮೆ ಮೂಸಿ ನೋಡಿ ಖಚಿತಪಡಿಸಿಕೊಳ್ಳಿ.

ಯಾವ ಸಾಮಾನೂ ಸುಲಭಕ್ಕೆ ಸರಿಮಾಡದ ಮರಿಗಳೂ ಇವೆ. ತಂತಿ ತಳದ ಪಂಜರದಲ್ಲಿ ವಾರಗಟ್ಟಲೆ ಇದ್ದ ಮರಿ, ಮಲಗುವಲ್ಲಿ ಹೊಲಸು ಮಾಡಬಾರದು ಅನ್ನುವ ಹುಟ್ಟುಗುಣವನ್ನೇ ಕಳೆದುಕೊಂಡಿರುತ್ತದೆ. ಅದಕ್ಕೆ ಮೇಲಿನ ವೇಳಾಪಟ್ಟಿಯೇ, ಆದರೆ ತಿಂಗಳುಗಳು ಎರಡು ಪಟ್ಟು. ಯಾರಾದರೂ ಬಂದಾಗ ಬಾಲ ಮಡಚಿ ನಾಲ್ಕು ಹನಿ ಬಿಡುವುದು ಹೆದರಿಕೆ ಅಥವಾ ಸಂಭ್ರಮದ್ದು, ಅದಕ್ಕೆ ಗದರಿದರೆ ಹೆಚ್ಚಾಗುತ್ತದೆ. ಚೆನ್ನಾಗಿ ಕಲಿತಿದ್ದ ಮರಿ ದಿಢೀರನೆ ಹತ್ತು ನಿಮಿಷಕ್ಕೊಮ್ಮೆ ಹನಿ ಹನಿ ಹೊಯ್ದರೆ, ತಿಣುಕಿದರೆ, ಅಲ್ಲೇ ನೆಕ್ಕಿಕೊಳ್ಳುತ್ತಿದ್ದರೆ ಉರಿಮೂತ್ರ ಇರಬಹುದು. ಉಚ್ಚೆ ಪರೀಕ್ಷೆ ಮಾಡಿಸಿ.

ಬಳಸಿದ ಪ್ಯಾಡಿನ ಕಕ್ಕವನ್ನು ಕಮೋಡಿಗೆ ಹಾಕಿ ಫ್ಲಶ್ ಮಾಡಿ, ಪ್ಯಾಡನ್ನಲ್ಲ. ಪ್ಯಾಡನ್ನು ಪೇಪರಲ್ಲಿ ಸುತ್ತಿ ಡೈಪರ್‌ಗಳ ಜೊತೆ ಪ್ರತ್ಯೇಕ ಕೊಡಬೇಕು. ಬೆಂಗಳೂರಿನಲ್ಲಾದರೆ ಮೇಲೊಂದು ಕೆಂಪು ಗುರುತು ಹಾಕಿ. ಹಸಿ ಕಸಕ್ಕೆ ಹಾಕಿದರೆ ಆ ಜೆಲ್ಲೂ ಪ್ಲಾಸ್ಟಿಕ್ಕೂ ಗೊಬ್ಬರದ ಗುಂಡಿ ಸೇರುತ್ತವೆ.

ಗಂಡು ಮರಿ ಆರು ತಿಂಗಳ ಆಸುಪಾಸಿಗೆ ಕಾಲೆತ್ತಲು ಶುರುಮಾಡುತ್ತದೆ, ಆಗ ನೆಲದ ಪ್ಯಾಡ್ ಒಣಗಿಯೇ ಇದ್ದು ಗೋಡೆ ಒದ್ದೆಯಾಗುತ್ತದೆ. ಎರಡು ಲೀಟರಿನ ಬಾಟಲಿಗೆ ನೀರು ತುಂಬಿ, ಸುತ್ತಲೂ ಒಂದು ಪ್ಯಾಡ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ, ನೆಲದ ಪ್ಯಾಡಿನ ನಟ್ಟನಡುವೆ ನಿಲ್ಲಿಸಿ. ಅದಕ್ಕೆ ಬೇಕಿದ್ದ ಕರೆಂಟ್ ಕಂಬ ಸಿಕ್ಕಂತಾಯಿತು.